ಆರು ಮನೆಗಳ ಗೋಡೆಯ ಮೇಲೆ ಗುರುಲಿಂಗವ್ವ

ಸುನಂದಾ ಅವರ ಅಂಗಡಿಗೂ ನನ್ನ ಫೋಟೊ ಸ್ಟುಡಿಯೋಗೂ ನಡುವೆ ಒಂದೇ ಗೋಡೆ. ಬಾಗಲಕೋಟೆಯ ನವನಗರದಲ್ಲಿ, ಬಸ್ ನಿಲ್ದಾಣದ ಹಿಂದಿನ ಕಾಂಪ್ಲೆಕ್ಸಿನಲ್ಲಿ, ಹದಿನಾಲ್ಕು ವರ್ಷದಿಂದ ನಾವು ನೆರೆಯವರು. ಅವರು ಆನ್‌ಲೈನ್ ಅರ್ಜಿ ತುಂಬಿಕೊಡುತ್ತಾರೆ, ನಾನು ಅರ್ಜಿಗೆ ಬೇಕಾದ ಫೋಟೊ ತೆಗೆಯುತ್ತೇನೆ. ಅವರಲ್ಲಿಗೆ ಬಂದವರು ನನ್ನಲ್ಲಿಗೂ ಬರುತ್ತಾರೆ.

ಅದಕ್ಕೂ ಮೊದಲು ಅವರು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕನ್ನಡ ಕಲಿಸುತ್ತಿದ್ದರು. ಒಂದು ವರ್ಷ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಯಾಕೆ ಎಂದು ಕೇಳಲು ಹೋಗದೆ ಕಂಪ್ಯೂಟರು, ಪ್ರಿಂಟರು ಇಟ್ಟುಕೊಂಡು ಕೂತರು. ಮದುವೆಯಾಗಿಲ್ಲ. ತಾಯಿ ಇಂದ್ರಾಬಾಯಿಯವರ ಜೊತೆ ಇದ್ದಾರೆ. ಮಾತು ಕಡಿಮೆ, ಶಿಸ್ತು ಜಾಸ್ತಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿಗೆ ಒಂದು ಒತ್ತು ತಪ್ಪಿದ್ದರೆ ಹುಡುಗನನ್ನು ವಾಪಸು ಶಾಲೆಗೆ ಅಟ್ಟುತ್ತಿದ್ದರು. ಅವರ ಕೈಯಿಂದ ಹೋದ ಅರ್ಜಿ ತಿರುಗಿ ಬಂದದ್ದಿಲ್ಲ ಎಂಬ ಮಾತು ಬಾದಾಮಿ, ಹುನಗುಂದದವರೆಗೂ ಇತ್ತು.

ಈ ಸಂಗತಿ ಶುರುವಾದದ್ದು ತುಳಸಿಗೇರಿಯ ದೀಪಕ ಎಂಬ ಹುಡುಗನಿಂದ. ದೂರದ ಊರಿನ ಒಂದು ದೊಡ್ಡ ಖಾಸಗಿ ವಿಶ್ವವಿದ್ಯಾಲಯ ಹಳ್ಳಿಯ ಮಕ್ಕಳಿಗೆ ಕೆಲವು ಸೀಟುಗಳನ್ನು ಪೂರ್ತಿ ಉಚಿತವಾಗಿ ಕೊಡುತ್ತಿತ್ತು. ಊಟ, ವಸತಿ, ಪುಸ್ತಕ ಎಲ್ಲ ಅವರದೇ. ಅಂಕ ಒಂದೇ ಸಾಲದು, ಸಾವಿರ ಪದಗಳ ಒಂದು ಪ್ರಬಂಧ ಬರೆಯಬೇಕು. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ವಿಷಯ: 'ನಿಮ್ಮ ಬದುಕನ್ನೇ ಬದಲಿಸಿದ ಒಂದು ಘಟನೆ.'

ದೀಪಕ ಸ್ಟೂಲಿನ ಮೇಲೆ ಕೂತು ಅಂಗೈ ಉಜ್ಜಿಕೊಳ್ಳುತ್ತಿದ್ದ. ನಾನು ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

"ಹೇಳಪಾ, ಏನ್ ಆಗೇತಿ ನಿನ್ನ ಬಾಳೇದಾಗ?" ಎಂದರು ಸುನಂದಾ.

"ಏನೂ ಆಗಿಲ್ರಿ ಮೇಡಂ."

"ಏನೂ ಅಂದ್ರ?"

"ಮುಂಜಾನಿ ಏಳ್ತೇನ್ರಿ. ಎಮ್ಮಿ ಮೈ ತೊಳಿತೇನಿ. ಸಾಲಿಗೆ ಹೋಗ್ತೇನಿ, ಬರ್ತೇನಿ. ಅಷ್ಟರಿ."

ಸುನಂದಾ ಅದನ್ನೇ ಬರೆಸಿದರು. ಅವನದೇ ಮಾತು, ಅವನದೇ ಎಮ್ಮೆ. ಕಾಗುಣಿತ ಮಾತ್ರ ತಿದ್ದಿದರು. ನಾನೂ ಓದಿದೆ, ಚೆನ್ನಾಗಿತ್ತು. ಆದರೆ ಸೀಟು ಸಿಗಲಿಲ್ಲ. ಆಯ್ಕೆಯಾದವರ ಬರಹಗಳನ್ನು ಆ ವಿಶ್ವವಿದ್ಯಾಲಯ ತನ್ನ ವೆಬ್‌ಸೈಟಿನಲ್ಲಿ ಹಾಕಿತ್ತು. ಸುನಂದಾ ಒಂದು ಮಧ್ಯಾಹ್ನ ಕೂತು ಎಲ್ಲವನ್ನೂ ಓದಿದರು. ಒಬ್ಬನ ತಂದೆ ತೀರಿಕೊಂಡಿದ್ದ, ಒಬ್ಬಳಿಗೆ ಬೆಂಕಿ ತಗುಲಿತ್ತು, ಒಬ್ಬ ತಾಯಿಯನ್ನು ಹೊತ್ತುಕೊಂಡು ಹೊಳೆ ದಾಟಿದ್ದ.

"ಆನಂದ, ಇವರಿಗೆ ಕಲಿಯಾಕ ಬಂದ ಹುಡುಗರು ಬೇಕಾಗಿಲ್ಲ," ಎಂದು ನನಗೆ ಹೇಳಿದರು. "ದುಃಖ ಬೇಕಾಗೇತಿ. ದೊಡ್ಡ ಊರಿನ್ಯಾಗ ಇದನ್ನ ಹೆಂಗ ಬರೀಬೇಕು ಅಂತ ಕಲಸಾಕ ಮಾಸ್ತರು ಇರ್ತಾರಂತ. ನಮ್ಮ ಹುಡುಗ ಸುಖವಾಗಿ ಬೆಳದದ್ದ ತಪ್ಪಾತು ನೋಡು."

ಮರುವರ್ಷ ದೀಪಕ ಮತ್ತೆ ಬಂದ. ಈ ಸಲ ಸುನಂದಾ ಅವನನ್ನು ಏನೂ ಕೇಳಲಿಲ್ಲ. ಮನೆಗೆ ಕಳಿಸಿ, ಬಾಗಿಲು ಅರ್ಧ ಮುಚ್ಚಿಕೊಂಡು ತಾವೇ ಬರೆದರು. ದೀಪಕನಿಗೆ ಒಬ್ಬ ಅಕ್ಕ ಇದ್ದಳು, ಹದಿನಾರು ವರ್ಷದವಳು, ಹಿನ್ನೀರಿನಲ್ಲಿ ಮುಳುಗಿ ಸತ್ತಳು, ಅವಳು ಓದಬೇಕೆಂದಿದ್ದನ್ನು ಈಗ ಇವನು ಓದಬೇಕಾಗಿದೆ ಎಂದು ಬರೆದರು. ಅಂಥ ಅಕ್ಕ ಅವನಿಗೆ ಇರಲಿಲ್ಲ. ಸುನಂದಾರಿಗೆ ಅಂಥ ತಂಗಿ ಇದ್ದಳು.

ಅವಳ ಹೆಸರು ಗುರುಲಿಂಗವ್ವ. ಅಜ್ಜಿಯ ಹೆಸರು ಇಟ್ಟಿದ್ದರು. ಮನೆಯಲ್ಲಿ ಗುರು ಎನ್ನುತ್ತಿದ್ದರು. ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಖಾಲಿಯಾದ ಕಾಲದಲ್ಲಿ ಅವರೂ ನವನಗರಕ್ಕೆ ಬಂದರು. ಬಂದ ಎರಡನೆಯ ತಿಂಗಳು, ನಮ್ಮ ಹಳೆ ಮನೆ ಎಲ್ಲಿಯವರೆಗೆ ಮುಳುಗಿದೆ ನೋಡಿ ಬರುತ್ತೇನೆ ಎಂದು ಹೋದ ಹುಡುಗಿ ತಿರುಗಿ ಬರಲಿಲ್ಲ. ಮೂರನೆಯ ದಿನ ಸಿಕ್ಕಳು. ಆಮೇಲೆ ಇಂದ್ರಾಬಾಯಿ ಆ ಮಗಳ ಹೆಸರನ್ನು ಬಾಯಲ್ಲಿ ತರಲಿಲ್ಲ. ಗೋಡೆಗೆ ಫೋಟೊ ಹಾಕಲೂ ಬಿಡಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಆ ಮನೆಯಲ್ಲಿ ಗುರು ಎಂಬ ಶಬ್ದ ಏಳಲಿಲ್ಲ. ಅವಳು ಮೊದಲು ಬರಹಕ್ಕೆ ಬಂದದ್ದು ದೀಪಕನ ಅರ್ಜಿಯಲ್ಲಿ, ಅದೂ ಹೆಸರಿಲ್ಲದೆ.

ದೀಪಕನಿಗೆ ಸೀಟು ಸಿಕ್ಕಿತು.

ಸುದ್ದಿ ಹಬ್ಬಿತು. ಮುಂದಿನ ವರ್ಷ ಇಳಕಲ್ಲಿನಿಂದ, ಹುನಗುಂದದಿಂದ, ಬಾದಾಮಿಯಿಂದ ಜನ ಬಂದರು. "ದೀಪಕಗ ಬರದಿರೆಲ್ಲ, ಅಂಥಾದ್ದ ಬರದು ಕೊಡ್ರಿ ಅಕ್ಕಾರ," ಎಂದರು. ಸುನಂದಾ ಮೊದಲು ಒಲ್ಲೆ ಎಂದರು. ಆಮೇಲೆ ಒಬ್ಬರಿಗೆ ಬರೆದರು, ಇನ್ನೊಬ್ಬರಿಗೆ ಬರೆದರು. ಆ ವರ್ಷ ಒಟ್ಟು ಆರು ಮಕ್ಕಳಿಗೆ ಗುರುವನ್ನು ಹಂಚಿದರು. ನೀರು ಮಾತ್ರ ಬೇರೆ ಬೇರೆ. ಹುನಗುಂದದ ಹುಡುಗನ ಅಕ್ಕ ಬಾವಿಗೆ ಬಿದ್ದಳು, ಬಾದಾಮಿಯ ಹುಡುಗಿಯ ಅಕ್ಕ ಮಲಪ್ರಭೆಯಲ್ಲಿ ಹೋದಳು, ಇಳಕಲ್ಲಿನ ಯಮನೂರನ ಅಕ್ಕ ಗ್ರಾನೈಟ್ ತೆಗೆದು ಬಿಟ್ಟ ಗುಂಡಿಯ ಮಳೆನೀರಿನಲ್ಲಿ ಮುಳುಗಿದಳು. ಆರೂ ಹೆಸರು ಮೊದಲ ಪಟ್ಟಿಯಲ್ಲಿ ಬಂದವು. ಅದರ ಕೆಳಗೆ ಹೊಸದೊಂದು ಸಾಲು: 'ನಮ್ಮ ಪ್ರತಿನಿಧಿಗಳು ವಿದ್ಯಾರ್ಥಿಯ ಮನೆಗೆ ಭೇಟಿ ನೀಡುವರು.'

ಸತ್ತ ಮಗಳ ಒಂದು ಫೋಟೊ ಕೂಡ ಇಲ್ಲದ ಮನೆಯನ್ನು ಯಾರು ನಂಬುತ್ತಾರೆ? ಆರೂ ಮನೆಯವರು ಗಾಬರಿಯಾಗಿ ಓಡಿ ಬಂದರು.

ಮರುದಿನ ಸುನಂದಾ ನನ್ನ ಮೇಜಿನ ಮೇಲೆ ಒಂದು ಹಳೆಯ ಫೋಟೊ ಇಟ್ಟರು. ಎರಡು ಜಡೆ, ರಿಬ್ಬನ್ನು, ಹಿಂದೆ ಬೆಟ್ಟದ ಪರದೆ. ಆ ಪರದೆ ನಮ್ಮದು. ಹಳೆ ಊರಿನ ನಮ್ಮ ಸ್ಟುಡಿಯೋದಲ್ಲಿ ನನ್ನ ಅಪ್ಪ ತೆಗೆದ ಚಿತ್ರ ಅದು. ಹುಡುಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದಳು. ಕ್ಯಾಮೆರಾ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದಳು, ನಗು ತಡೆದುಕೊಂಡಂತೆ.

"ಆಕಿ ನೋಡ್ಲಿಕತ್ತಿದ್ದು ನನ್ನ. ನಾ ಅಲ್ಲೇ ನಿಂತಿದ್ದೆ," ಎಂದರು ಸುನಂದಾ. "ಆರು ಕಾಪಿ ಬೇಕು. ದೊಡ್ಡದು. ಕಟ್ಟು ಹಾಕಸು."

"ಅಕ್ಕಾರ, ಆರೂ ಮನಿಗೆ ಒಂದ ಮುಖ ಯಾಕ್ರಿ? ಬ್ಯಾರೆ ಬ್ಯಾರೆ ಹುಡುಗ್ಯಾರ ಫೋಟೊ ನನ್ನ ಹತ್ರ ಬೇಕಾದಷ್ಟ ಅದಾವ."

ಅವರು ನನ್ನನ್ನೇ ನೋಡಿದರು. "ಬ್ಯಾರೆಯವರ ಜೀವಂತ ಮಗಳಿಗೆ ಹಾರ ಹಾಕಸಲೇನು?"

ನಾನು ಮುದ್ರಿಸಲು ಕೂತೆ. ಒಂದೊಂದೇ ಹಾಳೆ ಹೊರಬರುವಾಗ ಮೊದಲು ಜಡೆ, ಆಮೇಲೆ ಹಣೆ, ಆಮೇಲೆ ಆ ಪಕ್ಕಕ್ಕೆ ಹೊರಳಿದ ಕಣ್ಣು. ಆರು ಸಲ. ಒಣಗಲು ಸಾಲಾಗಿ ಇಟ್ಟಾಗ ಆರು ಹುಡುಗಿಯರು ನಮ್ಮಿಬ್ಬರ ನಡುವಿನ ಗೋಡೆಯ ಕಡೆಗೇ ನೋಡುತ್ತಿದ್ದರು. ಗೋಡೆಯ ಆಚೆ ಸುನಂದಾ ಟೈಪ್ ಮಾಡುವ ಸದ್ದು ಕೇಳುತ್ತಿತ್ತು. ನಾನು ಎದ್ದು ಹೋಗಿ ಆ ಹಾಳೆಗಳನ್ನು ಬೋರಲು ಹಾಕಿ ಬಂದೆ.

ಒಂದೊಂದು ಮನೆ ನೋಡಲೂ ಬೇರೆ ಬೇರೆ ಮಂದಿ ಬಂದಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಆರರಲ್ಲಿ ನಾಲ್ವರಿಗೆ ಸೀಟು ಆಯಿತು. ಮಕ್ಕಳು ಪೆಟ್ಟಿಗೆ ಕಟ್ಟಿಕೊಂಡು ಹೋದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಶ್ರಾವಣದಲ್ಲಿ ಯಮನೂರನ ತಾಯಿ ಲಗಮವ್ವ ಇಳಕಲ್ಲಿನಿಂದ ಫೋನ್ ಮಾಡಿದಳು. "ಅಕ್ಕಾರ, ಒಮ್ಮಿ ಬಂದು ಹೋಗ್ರಿ. ನಿಮ್ಮನ್ನ ಒಂದ ಮಾತು ಕೇಳೋದೈತಿ. ಫೋನಿನ್ಯಾಗ ಆಗೂದಲ್ಲ." ಸುನಂದಾ ನನ್ನನ್ನೂ ಕರೆದುಕೊಂಡು ಹೋದರು. ಅದು ಅಮವಾಸ್ಯೆಯ ದಿನ ಎಂದು ನಮಗಿಬ್ಬರಿಗೂ ಲಕ್ಷ್ಯವಿರಲಿಲ್ಲ.

ಲಗಮವ್ವ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸು. ಗಂಡ ಇಲ್ಲ, ಒಬ್ಬನೇ ಮಗ, ಅವನೂ ಈಗ ದೂರ. ಒಂದೇ ಖೋಲಿಯ ಮನೆ. ಮಟಮಟ ಮಧ್ಯಾಹ್ನ, ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಮಾತ್ರ ತಂಪು. ಗೋಡೆಯ ಮೇಲೆ ಗುರುಲಿಂಗವ್ವ ಇದ್ದಳು. ಹಾರ ತಾಜಾ ಇತ್ತು. ಹಣೆಯ ಜಾಗದಲ್ಲಿ ಗಾಜಿನ ಮೇಲೆ ಕುಂಕುಮ. ಕೆಳಗೆ ಮಡಚಿಟ್ಟ ಹೊಸ ಕುಬಸದ ಬಟ್ಟೆ.

ಸುನಂದಾ ಚಾಪೆಯ ತುದಿಗೆ, ಗೋಡೆಗೆ ಒರಗಿ ಕೂತರು. ಲಗಮವ್ವ ನೀರಿನ ತಂಬಿಗೆ ತಂದವಳು ಅಲ್ಲೇ ನಿಂತಳು.

"ಅಲ್ಲೇ ಯಾಕ ಕುಂತ್ರಿ?"

"ಯಾಕ್ರಿ?"

"ಆಕಿ ದಿನಾ ಅಲ್ಲೇ ನೋಡತಾಳ. ಅಲ್ಲಿ ಯಾರೂ ಇರಂಗಿಲ್ಲ. ಇವತ್ತ ನೀವು ಕುಂತೀರಿ."

ನಾನು ತಲೆ ಎತ್ತಿ ಚಿತ್ರ ನೋಡಿದೆ. ನಾನೇ ಮುದ್ರಿಸಿದ್ದು, ಪಕ್ಕಕ್ಕೆ ನೋಡುವ ಕಣ್ಣು ಎಲ್ಲೋ ಒಂದು ಕಡೆ ನೋಡಲೇಬೇಕು. ಹಾಗೆ ನನಗೆ ನಾನೇ ಹೇಳಿಕೊಂಡೆ. ಸುನಂದಾ ಜಾಗ ಬದಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಫೋಟೊ ತಗದು ಬಿಡ್ರಿ ಇನ್ನ," ಎಂದರು. "ಸೀಟು ಆತಲ್ಲ. ಬೇಕಾಗಿಲ್ಲ."

"ಅದನ್ನ ಹೇಳಾಕ ಕರದಿಲ್ರಿ," ಎಂದಳು ಲಗಮವ್ವ. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು. "ಹಾರ ಹಾಕಿದ ಮ್ಯಾಲೆ ಬರೇ ಕೂಳು ಉಣ್ಣೂದು ನನಗ ಸರಿ ಅನಸಲಿಲ್ಲ. ಅಮಾಸಿಗೊಮ್ಮೆ ಎಡಿ ಇಡತೇನಿ. ತಾಟಿನ ಎಡಕ್ಕ ತಂಬಿಗಿ ಇಟ್ಟು ಕದಾ ಮುಂದ ಮಾಡಿ ಹೊರಗ ಕುಂದರತೇನಿ. ಒಳಗ ಬಂದು ನೋಡಿದ್ರ ತಂಬಿಗಿ ಬಲಕ್ಕ ಇರತೈತಿ. ಒಮ್ಮೆ ಅಲ್ಲ, ಎರಡು ಸಲಾನೂ." ಅವಳು ಸುನಂದಾರ ಹತ್ತಿರ ಸರಿದು ಕೂತಳು. "ಈ ಹುಡುಗಿ ಎಡಚಿ ಏನ್ರಿ? ಎಡಗೈಲೆ ಉಣ್ಣಾಕಿ ಏನು? ಅದನ್ನ ಕೇಳೋದಿತ್ತು. ಹಂಗಿದ್ರ ನಾ ಮೊದಲ ಬಲಕ್ಕ ಇಡತೇನಿ."

ಸುನಂದಾ ತಂಬಿಗೆಯ ನೀರು ಕುಡಿಯಲಿಲ್ಲ. ಅದನ್ನು ಪಕ್ಕಕ್ಕಿಟ್ಟು, "ಹೌದು," ಎಂದರು. "ಅಪ್ಪ ಎಷ್ಟ ಬಡದ್ರೂ ಬಿಡಲಿಲ್ಲ."

"ಯಾರಿದು ಹುಡುಗಿ?"

"ನನ್ನ ತಂಗಿ."

ಲಗಮವ್ವ ಅಳಲಿಲ್ಲ, ಬಯ್ಯಲಿಲ್ಲ. "ಅಂದ್ರ ಖರೇನ ಸತ್ತಾಳ," ಎಂದಳು. "ನಾ ಅಂದಕೊಂಡಿದ್ದೆ, ಕಂಪ್ಯೂಟರಿನ್ಯಾಗಿಂದ ತಗದ್ದು ಅಂತ."

ಬಾಗಲಕೋಟೆಗೆ ಮರಳುವ ಬಸ್ಸು ಹುನಗುಂದ ದಾಟಿದ ಮೇಲೆ ಸುನಂದಾ, "ಎಡಚಿ ಅಂತ ನಾ ಎಲ್ಲೂ ಬರದಿಲ್ಲ ಆನಂದ," ಎಂದರು. ನನಗೆ ಗೊತ್ತಿತ್ತು. ಫೋಟೊದಲ್ಲಿಯೂ ಕೈ ಕಾಣುವುದಿಲ್ಲ. ಬೆಕ್ಕೋ ಇಲಿಯೋ ತಂಬಿಗೆ ಸರಿಸಿರಬಹುದು ಎಂದೆ.

ಅಂದಿನಿಂದ ಅವರು ಪ್ರಬಂಧ ಬರೆದು ಕೊಡುವುದನ್ನು ಬಿಟ್ಟರು. ಬಂದವರಿಗೆ, "ನಿಮ್ಮ ಮಗ ಬರದು ತರಲಿ, ನಾ ಟೈಪ್ ಮಾಡತೇನಿ," ಎಂದಷ್ಟೇ ಹೇಳುತ್ತಿದ್ದರು. ಎಷ್ಟೋ ಜನ ಬೇಜಾರಾಗಿ ಎದ್ದು ಹೋದರು. ಅವರು ತಡೆಯಲಿಲ್ಲ.

ಮರುವರ್ಷ ಮಹಾಕೂಟದ ಹತ್ತಿರದ ಒಂದು ಹಳ್ಳಿಯಿಂದ ಜಯಶ್ರೀ ಎಂಬ ಹುಡುಗಿ ಬಂದಳು. ನೋಟುಬುಕ್ಕಿನ ಮೂರು ಹಾಳೆಯಲ್ಲಿ ತಾನೇ ಬರೆದು ತಂದಿದ್ದಳು. ಸುನಂದಾ ಓದಲು ಶುರುಮಾಡಿ ಎರಡನೆಯ ಸಾಲಿನಲ್ಲಿ ನಿಂತರು. ಜಯಶ್ರೀಯ ತಂಗಿ ಎರಡು ವರ್ಷದ ಹಿಂದೆ ಹೊಲದ ಕೃಷಿಹೊಂಡಕ್ಕೆ ಬಿದ್ದು ತೀರಿಕೊಂಡಿದ್ದಳು. ಪ್ಲಾಸ್ಟಿಕ್ ಹಾಸಿದ ಹೊಂಡ, ಅಂಚು ಜಾರುತ್ತದೆ. ಎಂಟು ವರ್ಷದ ಮಗು. ಬರಹದಲ್ಲಿ ಅಲಂಕಾರ ಒಂದೂ ಇರಲಿಲ್ಲ. 'ಚಪ್ಪಲಿ ಮೇಲೆ ಇದ್ದವು. ನಾನು ಕರೆದೆ. ಆಮೇಲೆ ಅಪ್ಪನನ್ನು ಕರೆದೆ' ಎಂದಿತ್ತು.

"ಇದನ್ನ ಬರೀಬ್ಯಾಡ," ಎಂದರು ಸುನಂದಾ. "ಬ್ಯಾರೆ ಏನರೆ ಬರಿ."

"ಬದುಕು ಬದಲಿಸಿದ್ದು ಬರೀರಿ ಅಂದಾರಲ್ರಿ ಮೇಡಂ. ನನಗ ಇದ ಒಂದ ಆಗಿದ್ದು."

ಸುನಂದಾ ಇದ್ದದ್ದನ್ನು ಇದ್ದ ಹಾಗೇ ಟೈಪ್ ಮಾಡಿ ಕಳಿಸಿದರು. ಹೆಸರು ಪಟ್ಟಿಯಲ್ಲಿ ಬಂತು. ಮನೆ ನೋಡಲು ಇಬ್ಬರು ಬಂದರು. ಜಯಶ್ರೀಯ ಮನೆಯಲ್ಲಿ ತಂಗಿಯ ಫೋಟೊ ಇರಲಿಲ್ಲ, ತೆಗೆಸಿಯೇ ಇರಲಿಲ್ಲ. ಶಾಲೆಯ ಗುಂಪಿನ ಚಿತ್ರದಲ್ಲಿ ಮೂರನೆಯ ಸಾಲಿನಲ್ಲಿ ಬೆರಳಗಲದ ಒಂದು ಮುಖ, ಅದೂ ಅಲುಗಾಡಿ ಮಸುಕಾಗಿತ್ತು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಜಿಲ್ಲೆಯಿಂದ ನೀರಿಗೆ ಬಿದ್ದ ಅಕ್ಕ ತಂಗಿಯರ ಕಥೆಗಳು ಸಾಕಷ್ಟು ಬಂದಿವೆ, ಹಿಂದಿನ ವರ್ಷ ಎಲ್ಲರ ಮನೆಯಲ್ಲೂ ಫೋಟೊ ಆದರೂ ಇತ್ತು ಎಂದರಂತೆ. ಹದಿನೈದು ದಿನದ ಮೇಲೆ ಆಯ್ಕೆಯಾಗಿಲ್ಲ ಎಂಬ ಸಂದೇಶ ಬಂತು.

ಜಯಶ್ರೀ ಆ ಸಂದೇಶ ತೋರಿಸಲು ಬಂದಾಗ ನಾನೂ ಅಲ್ಲಿದ್ದೆ. ಅವಳಿಗೆ ಸಿಟ್ಟಿಗಿಂತ ದಿಗಿಲು ಹೆಚ್ಚು. "ಮೇಡಂ, ನನ್ನ ತಂಗಿ ಸತ್ತದ್ದು ಸುಳ್ಳಂತರಿ," ಎಂದಳು. "ಅವರು ಹೋದ ಮ್ಯಾಲೆ ನಮ್ಮವ್ವ ಹೊಂಡದ ಹತ್ರ ಹೋಗಿ ನಿಂತಳು. ಸಂಜಿತನಾ ಬರಲಿಲ್ಲ. ಸುಳ್ಳಾಗಿದ್ರ ಮನಿಗೆ ಬಾ ಅಂತ ಕರೀಲಿಕತ್ತಿದ್ಳು."

ಸುನಂದಾ ಎದ್ದು ಒಳಗಿನ ಮೂಲೆಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತರು. ಹೊರಗೆ ಬಸ್ಸುಗಳ ಹಾರ್ನು, ಕಬ್ಬಿನಹಾಲಿನ ಯಂತ್ರದ ಗೆಜ್ಜೆ. ಹುಡುಗಿ ಹಾಗೇ ಕಾಯುತ್ತ ಕೂತಿದ್ದಳು.

ಆ ದಿನವೇ ಸುನಂದಾ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಈ ಬಾರಿ ತಮ್ಮದೇ ಹೆಸರಿನಲ್ಲಿ. ಹಿಂದಿನ ಬರಹಗಳು ತಮ್ಮವು, ಅವುಗಳಲ್ಲಿದ್ದ ಹುಡುಗಿ ತಮ್ಮ ತಂಗಿ, ಮಕ್ಕಳ ತಪ್ಪಿಲ್ಲ, ಅವರ ಹೆಸರು ಹೇಳುವುದಿಲ್ಲ. ಜಯಶ್ರೀ ಬರೆದದ್ದು ಅಕ್ಷರಶಃ ಸತ್ಯ. ಕೊನೆಗೆ ಒಂದು ಸಾಲು ಇತ್ತು: 'ದುಃಖವನ್ನು ಅಳೆದು ಸೀಟು ಕೊಡುವ ಕಡೆ, ದುಃಖವಿಲ್ಲದವರು ಕಡ ತರುತ್ತಾರೆ, ಇದ್ದವರು ಸಾಕ್ಷಿ ಹುಡುಕುತ್ತಾರೆ.' ಪತ್ರವನ್ನು ನನಗೆ ಓದಲು ಕೊಟ್ಟರು. ಒಂದು ಅಲ್ಪವಿರಾಮ ತಪ್ಪಿತ್ತು. ನಾನು ಹೇಳಲಿಲ್ಲ.

ಹಿಂದೆಯೇ ನನ್ನನ್ನೂ ಕರೆದುಕೊಂಡು ಫೋಟೊಗಳನ್ನು ತರಲು ಹೊರಟರು. ಹುನಗುಂದದ ಮನೆಗೆ ಆ ವರ್ಷ ಹಿರಿಮಗನನ್ನು ಮದುವೆಯಾಗಿ ಹೊಸ ಸೊಸೆ ಬಂದಿದ್ದಳು. ಅವಳಿಗೆ ಯಾರೂ ನಿಜ ಹೇಳಿರಲಿಲ್ಲ. ನಾದಿನಿ ಎಂದುಕೊಂಡು ದಿನಾ ದೀಪ ಹಚ್ಚುತ್ತಿದ್ದಳು. ಕಟ್ಟು ಕೆಳಗಿಳಿಸುವಾಗ ಅವಳೊಬ್ಬಳೇ ಅತ್ತಳು. ಬಾದಾಮಿಯ ಮನೆಯವರು ಕೈಮುಗಿದು ಕೊಟ್ಟರು. ಅವರ ನಾಲ್ಕು ವರ್ಷದ ಕಿರಿಮಗಳು ಅಂಗನವಾಡಿಯಲ್ಲಿ, ನೀವು ಎಷ್ಟು ಮಂದಿ ಎಂದು ಕೇಳಿದರೆ, "ಮೂರು ಮಂದಿ. ದೊಡ್ಡಕ್ಕ ನೀರಾಗ ಅದಾಳ," ಎನ್ನುತ್ತಿದ್ದಳಂತೆ. ಇದ್ದಳು ಎನ್ನುತ್ತಿರಲಿಲ್ಲ, ಇದ್ದಾಳೆ ಎನ್ನುತ್ತಿದ್ದಳು. ನಾವು ಫೋಟೊ ಎತ್ತಿಕೊಂಡು ಹೊರಟಾಗ ಆ ಮಗು ಬಾಗಿಲಿಗೆ ಬಂದು, ನಮಗಲ್ಲ, ಫೋಟೊಗೆ ಟಾಟಾ ಮಾಡಿತು.

ಐದು ಫೋಟೊ ಬಂದವು. ತಾಯಿ ಮನೆಯ ಗೋಡೆಗೆ ಈ ಫೋಟೊ ಹಾಕಲು ಬಿಡುವುದಿಲ್ಲ ಎಂದು ಸುನಂದಾರಿಂದ ಕೇಳಿದ್ದ ಲಗಮವ್ವ ಮಾತ್ರ ಕೊಡಲಿಲ್ಲ. "ಮಗ ಅಲ್ಲಿ, ನಾ ಇಲ್ಲಿ," ಎಂದಳು. "ಈಕಿ ಇರಲಿ ಬಿಡ್ರಿ ಅಕ್ಕಾರ. ನಿಮ್ಮ ಮನ್ಯಾಗ ಹಾಕೂದಿಲ್ಲ ಅಂದಿರೆಲ್ಲ."

ಒಂದು ತಿಂಗಳಿಗೆ ವಿಶ್ವವಿದ್ಯಾಲಯದ ಉತ್ತರ ಬಂತು. ಓದುತ್ತಿರುವ ಮಕ್ಕಳನ್ನು ಕೆಣಕುವುದಿಲ್ಲ. ಜಯಶ್ರೀಯ ಜೊತೆ ಫೋನಿನಲ್ಲಿ ಮಾತಾಡಿ ಮತ್ತೊಮ್ಮೆ ಪರಿಶೀಲಿಸುತ್ತೇವೆ ಎಂದಿದ್ದರು. ಸುನಂದಾ ಸಡಗರದಿಂದ ಹುಡುಗಿಯನ್ನು ಕರೆಸಿದರು. ಫೋನ್ ಬಂತು. ಆ ಕಡೆಯವರು ಮೆತ್ತಗಿನ ದನಿಯಲ್ಲಿ, "ಆ ದಿನ ಏನಾಯಿತು, ನಿಮ್ಮ ಮಾತಿನಲ್ಲೇ ಹೇಳಿ," ಎಂದರು.

"ಒಮ್ಮಿ ಬರದೇನ್ರಿ. ಇನ್ನೊಮ್ಮೆ ಹೇಳಂಗಿಲ್ಲ," ಎಂದು ಜಯಶ್ರೀ ಫೋನ್ ಇಟ್ಟುಬಿಟ್ಟಳು.

ಅವಳೀಗ ಬಾಗಲಕೋಟೆಯಲ್ಲೇ ಬಿ.ಎಸ್ಸಿ. ಓದುತ್ತಾಳೆ. ಅರ್ಜಿಯಲ್ಲಿ ಅಂಕ ಮಾತ್ರ ಕೇಳಿದ್ದರು. ಮಹಾಕೂಟದ ಕಡೆಯ ಬಸ್ಸಿಗೆ ಕಾಯುವಾಗ ಒಮ್ಮೊಮ್ಮೆ ಸುನಂದಾರ ಅಂಗಡಿಗೆ ಬಂದು ಕೂರುತ್ತಾಳೆ.

ಇಷ್ಟೆಲ್ಲ ಆದ ಮೇಲೆ ಸುನಂದಾ ತಾಯಿಗೆ ಹೇಳಲೇಬೇಕಾಯಿತು. ಐದು ಫೋಟೊಗಳನ್ನು ಕಪಾಟಿನಲ್ಲಿ ಬಚ್ಚಿಟ್ಟಿದ್ದನ್ನು ಇಂದ್ರಾಬಾಯಿ ನೋಡಿಬಿಟ್ಟಿದ್ದರು. ಮಗಳು ಎಲ್ಲವನ್ನೂ ಹೇಳಿದಳು. ದೀಪಕ, ಆರು ಮನೆ, ಲಗಮವ್ವ, ಅಮವಾಸ್ಯೆ. ಬೈಗುಳಕ್ಕೆ ಕಾದು ಕೂತಳು. ಎಪ್ಪತ್ತೆರಡರ ಆ ತಾಯಿ ಸೆರಗು ಸರಿ ಮಾಡಿಕೊಂಡು, "ಇಳಕಲ್ಲಿಗೆ ಬಸ್ಸು ಎಷ್ಟಕ್ಕೈತಿ?" ಎಂದರು.

ಮುಂದಿನ ಅಮವಾಸ್ಯೆಗೆ ನಾವು ಮೂವರೂ ಹೋದೆವು. ಇಂದ್ರಾಬಾಯಿ ಆ ಖೋಲಿಯೊಳಗೆ ಹೋಗಿ ಗೋಡೆಯ ಎದುರು ನಿಂತರು. ಕೈಮುಗಿಯಲಿಲ್ಲ, ಮುಟ್ಟಲಿಲ್ಲ. ಲಗಮವ್ವನ ಕಡೆ ತಿರುಗಿ, ನೆರೆಮನೆಯಲ್ಲಿ ಉಳಿದ ಮಗಳ ಬಗ್ಗೆ ಕೇಳುವಂತೆ ಕೇಳಿದರು:

"ತ್ರಾಸ ಕೊಡತಾಳೇನವಾ?"

"ಇಲ್ರಿ ಅವ್ವಾರ. ಭಾಳ ಶ್ಯಾಣೆ ಅದಾಳ."

"ಏನ್ ಉಣ್ತಾಳ?"

"ಸಜ್ಜಿ ರೊಟ್ಟಿ ಮುರೀತಾಳ್ರಿ. ಬದನಿಕಾಯಿ ಮುಟ್ಟಂಗಿಲ್ಲ."

"ಮುಟ್ಟತಿದ್ದಿಲ್ಲ," ಎಂದರು ಇಂದ್ರಾಬಾಯಿ. ಅಲ್ಲಿಯೇ ನೆಲದ ಮೇಲೆ ಕೂತರು. ಇಬ್ಬರೂ ಹೆಂಗಸರು ಸಣ್ಣ ದನಿಯಲ್ಲಿ ಮಾತಾಡತೊಡಗಿದರು. ಸುನಂದಾ ಹೊಸ್ತಿಲ ಹೊರಗೇ ನಿಂತಿದ್ದರು, ಒಳಗೆ ಬರಲಿಲ್ಲ. ನಾನು ಅವರ ಪಕ್ಕದಲ್ಲಿ ನಿಂತೆ. ಒಳಗೆ ಮೂರು ಜನ ಮಾತಾಡಿದಂತೆ ಒಮ್ಮೆ ಕೇಳಿಸಿತು. ಸುನಂದಾರಿಗೂ ಕೇಳಿಸಿತೋ ಏನೋ.

ಈಗ ಪ್ರತಿ ಅಮವಾಸ್ಯೆಗೆ ಇಂದ್ರಾಬಾಯಿ ಒಬ್ಬರೇ ಒಂಬತ್ತರ ಬಸ್ಸಿಗೆ ಇಳಕಲ್ಲಿಗೆ ಹೋಗುತ್ತಾರೆ, ಸಂಜೆ ತಿರುಗಿ ಬರುತ್ತಾರೆ. ಸುನಂದಾ ಅವರನ್ನು ಬಸ್ಸು ಹತ್ತಿಸಿ ಬಂದು ಅಂಗಡಿಯ ಶಟರು ಎತ್ತುತ್ತಾರೆ.